ಹುಟ್ಟಿದ ತಾರೀಖು, ಸೇರಿದ ತಾರೀಖು

ಬಟವಾಡಿ, ತುಮಕೂರು
28-1-2026, ಬುಧವಾರ

ಪ್ರೀತಿಯ ಮಂಜುಳಾ,

ಹುಟ್ಟಿನಲ್ಲಿ ನಿನ್ನ ಅಕ್ಕ, ಮನೆ ಸೇರಿದ ಲೆಕ್ಕದಲ್ಲಿ ನಿನ್ನ ಕಿರಿ ಓರಗಿತ್ತಿ, ಕೊಲ್ಲಾಪುರಮ್ಮ ಬರೆಯುತ್ತಿರುವುದು. ಆಶೀರ್ವಾದವೂ ಇದೆ, ನಮಸ್ಕಾರವೂ ಇದೆ. ಯಾವುದು ನಿನಗೆ ಸಲ್ಲುತ್ತದೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ತಿರುಗಿ ಕಳಿಸು. ನಿನ್ನ ಮಂಡಿನೋವು ಹೇಗಿದೆ? ಕಣ್ಣಿನ ಆಪರೇಷನ್ ಆದ ಮೇಲೆ ಸೂಜಿಗೆ ನೀನೇ ದಾರ ಪೋಣಿಸುತ್ತೀಯ ಅಂತ ಕೇಳಿದೆ. ಸಂತೋಷ. ನಾನೂ ಅದೇ ಆಪರೇಷನ್ ಮಾಡಿಸಿಕೊಂಡು, ಅದೇ ಹನಿ ಹಾಕಿಸಿಕೊಂಡು, ಇನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕಲಾರೆ. ನಿನಗೆ ಬಾಯಿ ತುಂಬ ನಿನ್ನವೇ ಹಲ್ಲು, ನನಗೆ ಕಟ್ಟಿಸಿದ ಸೆಟ್ಟು. ನಮ್ಮ ತವರೂರು ಕೋರದಲ್ಲಿ ಒಂದೇ ಬಾವಿಯ ನೀರು ಕುಡಿದು ಬೆಳೆದೆವು, ಒಂದೇ ಬೇವಿನ ಮರದ ಕಡ್ಡಿಯಲ್ಲಿ ಹಲ್ಲುಜ್ಜಿದೆವು. ಆ ಮರಕ್ಕೂ ನಮ್ಮಪ್ಪನ ಹಾಗೆ ಚಿಕ್ಕ ಮಗಳ ಮೇಲೆ ಮೋಹ ಇತ್ತೋ ಏನೋ. ಬಿಸಿಲು ಏರುವ ತನಕ ಹೊರಗೆ ಬರಬೇಡ, ಕುಣಿಗಲ್ ಕೆರೆಯ ಗಾಳಿ ಈ ಚಳಿಯಲ್ಲಿ ಎದೆಗೆ ಒಳ್ಳೆಯದಲ್ಲ. ಹೇಳಿದರೆ ಕೇಳುವವಳಲ್ಲ ನೀನು, ಆದರೂ ಹೇಳುವುದು ನನ್ನ ಧರ್ಮ.

ನನ್ನ ಆರೋಗ್ಯದ ವಿಷಯಕ್ಕೆ ಬರುತ್ತೇನೆ, ಈ ಕಾಗದ ಅದಕ್ಕಾಗಿಯೇ. ಹೋದ ವಾರ ನೀನು ಫೋನು ಮಾಡಿ, "ಅಕ್ಕಯ್ಯಾ, ಹಾಸಿಗೆ ಹಿಡಿದಿದ್ದೀಯಂತಲ್ಲ, ಒಂದು ತುತ್ತಾದ್ರೂ ಸೇರ್ತಾ ಐತಾ?" ಅಂತ ಅಳುವ ದನಿಯಲ್ಲಿ ಕೇಳಿದೆ. ನಾನು "ಯಾವಳೇ ನಿಂಗೆ ಹೇಳಿದ್ದು, ಅವಳ ಬಾಯಿಗೆ ಮಣ್ಣು ಹಾಕ" ಅಂತ ರೇಗಿ ಫೋನು ಇಟ್ಟುಬಿಟ್ಟೆ. ಅವತ್ತು ನನಗೇ ಪೂರ್ತಿ ವಿಷಯ ತಿಳಿದಿರಲಿಲ್ಲ. ಈಗ ತಿಳಿದಿದೆ. ನಿನ್ನ ಮಗ ರವೀಶ ಬಾಯಿ ಬಿಡುವವನಲ್ಲ, ನನ್ನ ಮಗ ನಾಗೇಶ ಹೇಳುವ ಸ್ಥಿತಿಯಲ್ಲಿಲ್ಲ. ಬೇರೆ ಯಾರದೋ ಬಾಯಲ್ಲಿ ಅರ್ಧಂಬರ್ಧ ಕೇಳಿ, ನೀನೆಲ್ಲಿ ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಂಡುಬಿಡುತ್ತೀಯೋ ಎಂಬ ಭಯಕ್ಕೆ ನಾನೇ ಬರೆಯುತ್ತಿದ್ದೇನೆ. ನೀನು ಏಳನೇ ಕ್ಲಾಸು ಓದಿದವಳು. ನನ್ನನ್ನು ಮೂರಕ್ಕೆ ಬಿಡಿಸಿ ಎಮ್ಮೆ ಹಿಂದೆ ಕಳಿಸಿದರು. ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ಹಳೆಯದು. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಇನ್ನೊಂದು ಸಲ ಹೇಳಿದರೆ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತದೆ. ಗುಬ್ಬಿ ಕಡೆಯಿಂದ, ಬಿದರೆಹಳ್ಳಿ ಕಾವಲ್ ಮಗ್ಗುಲಿನ ಆ ತೆಂಗಿನ ತೋಟದ ಮನೆಯವರು ಅಣ್ಣ ತಮ್ಮ ಇಬ್ಬರಿಗೂ ಹೆಣ್ಣು ಕೇಳಿಕೊಂಡು ಬಂದಾಗ, ದೊಡ್ಡವಳು ದೊಡ್ಡವನಿಗೆ, ಚಿಕ್ಕವಳು ಚಿಕ್ಕವನಿಗೆ ಅಂತಲೇ ಮಾತಾಗಿತ್ತು. ಐನೋರು ಬೆರಳು ಎಣಿಸಿ, ದೊಡ್ಡವರಿಬ್ಬರಿಗೂ ಸಾಲಾವಳಿ ಬರುವುದಿಲ್ಲ, ಅದಲು ಬದಲು ಮಾಡಿ ಅಂದರು. ಅವರ ಬಾಯಲ್ಲಿದ್ದ ಎಲೆ ಅಡಿಕೆ ಅಗಿದು ಮುಗಿಯುವುದರೊಳಗೆ ನನ್ನ ಹಿರಿತನ ಹೋಯಿತು. ಒಂದೇ ಚಪ್ಪರ, ಒಂದೇ ಮುಹೂರ್ತ, ಆ ಮನೆಯ ಹೊಸಿಲು ದಾಟಿದ್ದೂ ಒಂದೇ ಗಳಿಗೆಯಲ್ಲಿ. ಆದರೆ ನೀನು ಬಲಗಾಲಿಟ್ಟು ಮುಂದೆ, ನಾನು ನಿನ್ನ ಸೆರಗಿನ ಹಿಂದೆ. ಅವತ್ತಿನಿಂದ ನೀನು ಹಿರಿಸೊಸೆ. ಹೊಸ ರಾಗಿಯ ಪೂಜೆಗೆ ಮೊದಲ ಕೈ ನಿನ್ನದು, ಗೌರಿಹಬ್ಬಕ್ಕೆ ಮೊದಲ ಬಾಗಿನ ನಿನಗೆ, ಉಗ್ರಾಣದ ಬೀಗದಕೈ ನಿನ್ನ ಸೊಂಟದಲ್ಲಿ. ನಿನ್ನ ಜಡೆ ಬಾಚಿ ಹೇನು ಹೆಕ್ಕಿದ ಕೈ ನನ್ನದು, ಅದೇ ಕೈಯಲ್ಲಿ ನಿನ್ನ ಪಾದ ಮುಟ್ಟಿಸಿದರು. "ವಯಸ್ಸು ಕಟ್ಕೊಂಡು ಏನವ್ವ, ವರಸೆ ಮುಖ್ಯ" ಅಂತ ನಮ್ಮತ್ತೆ ಅಂದಾಗ ನೀನು ತಲೆ ತಗ್ಗಿಸಿ ನಕ್ಕಿದ್ದೆ. ಇಲ್ಲ ಅನ್ನಬೇಡ, ನಾನು ಕೆಳಗೆ ಬಗ್ಗಿದ್ದವಳು, ನಿನ್ನ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಮುಂದೆ ರವೀಶ ಮಾತು ಕಲಿತಾಗ, ತಾಯಿಯ ಅಕ್ಕನಾದ ನನ್ನನ್ನು ದೊಡ್ಡಮ್ಮ ಅನ್ನಬೇಕಿತ್ತು. ಅಪ್ಪನ ತಮ್ಮನ ಹೆಂಡತಿ ಅಂತ ಹಿಡಿದು ನೀನು ಚಿಕ್ಕಮ್ಮ ಅಂತ ಹೇಳಿಕೊಟ್ಟೆ. ಇವತ್ತಿಗೂ ಅವನು ಹಾಗೇ ಕರೆಯುತ್ತಾನೆ, ನಾನೂ ಓಗೊಡುತ್ತೇನೆ.

ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಅದೇ ಗತಿ ಬಂತು ನೋಡು. ಇಬ್ಬರೂ ಒಂದೇ ಇಲಾಖೆಗೆ ಗುಮಾಸ್ತರಾಗಿ ಸೇರಿದರು. ಮೊದಲು ಆರ್ಡರ್ ಬಂದಿದ್ದು ನಾಗೇಶನಿಗೆ, ಆದರೆ ರಾಯಚೂರು ಕಡೆಗೆ. ರವೀಶನಿಗೆ ಆಮೇಲೆ ಬಂತು, ಮನೆ ಬಾಗಿಲಿಗೆ ಬಂದ ಹಾಗೆ ತುಮಕೂರು ಜಿಲ್ಲೆಗೇ ಬಂತು. ನನ್ನವನು ಅಲ್ಲಿಯ ಬಿಸಿಲಲ್ಲಿ ಸುಟ್ಟು ಕರಕಲಾದ, ನಿನ್ನವನು ಬೆಳಿಗ್ಗೆ ನಿನ್ನ ಕೈಯ ಬಿಸಿ ಮುದ್ದೆ ಉಂಡು ಬಸ್ಸು ಹತ್ತುತ್ತಿದ್ದ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋದಾಗ ನಾಗೇಶ ಅಲ್ಲಿಂದ ವರ್ಗ ಮಾಡಿಸಿಕೊಂಡು ಬಂದ. ಸರ್ಕಾರದ ಕಾನೂನು ಹೇಗಿದೆ ಅಂದರೆ, ತಾನಾಗಿ ಕೇಳಿಕೊಂಡು ಬೇರೆ ಜಿಲ್ಲೆಗೆ ಬಂದವನು ಅಲ್ಲಿರುವವರ ಸಾಲಿನಲ್ಲಿ ಕಟ್ಟಕಡೆಗೆ ಹೋಗಿ ನಿಲ್ಲಬೇಕು. ಸರ್ಕಾರವೇ ತನ್ನ ಕೆಲಸಕ್ಕೆ ಕರೆಸಿಕೊಂಡಿದ್ದರೆ ಮಾತ್ರ ಹಳೆಯ ಹಿರಿತನ ಉಳಿಯುತ್ತದೆ. ನಾಗೇಶ ಹೇಳುವುದು, ಆಗ ಇಲ್ಲಿ ಜನ ಸಾಲದೆ ಅವರೇ ಕರೆಸಿಕೊಂಡರು ಅಂತ. ರವೀಶ ಹೇಳುವುದು, ಚಿಕ್ಕಪ್ಪನಿಗೆ ಹುಷಾರಿಲ್ಲ ಅಂತ ನೀನೇ ಕೇಳಿಕೊಂಡು ಬಂದಿದ್ದು ಊರಿಗೆಲ್ಲ ಗೊತ್ತು ಅಂತ. ಮೊದಲು ನೌಕರಿ ಹಿಡಿದವನು ನನ್ನವನು, ಮೇಲೆ ಕೂತವನು ನಿನ್ನವನು. ಐನೋರು ಸತ್ತು ಎಷ್ಟೋ ವರ್ಷವಾದರೂ ಅವರ ಬೆರಳೆಣಿಕೆ ಸರ್ಕಾರದಲ್ಲಿ ಇನ್ನೂ ನಡೆಯುತ್ತಿದೆ.

ಆದರೆ ಐನೋರನ್ನು ಒಂದು ಕಾರಣಕ್ಕೆ ಮೆಚ್ಚಬೇಕು ಕಣೇ. ಸರಿಯೋ ತಪ್ಪೋ, ಕೂತ ಜಾಗದಲ್ಲೇ ತೀರ್ಮಾನ ಹೇಳಿ ದಕ್ಷಿಣೆ ತೆಗೆದುಕೊಂಡು ಎದ್ದರು. ಈ ಕಚೇರಿಯವರು ನಮ್ಮ ಹುಡುಗರ ತಕರಾರನ್ನು ಇಬ್ಬರ ತಲೆಯೂ ನರೆಯುವ ತನಕ ಇಟ್ಟುಕೊಂಡರು. ಒಬ್ಬ ಸಾಹೇಬರು ಬಂದು "ನೋಡೋಣ" ಅಂದು ವರ್ಗವಾಗಿ ಹೋದರು. ಇನ್ನೊಬ್ಬರು "ಮೇಲಿನವರನ್ನ ಕೇಳೋಣ" ಅಂದು ರಿಟೈರಾದರು. ಆಮೇಲೆ ಬಂದವರು "ಎಲೆಕ್ಷನ್ ಮುಗೀಲಿ" ಅಂದರು, ಅದು ಮುಗಿದು ಇನ್ನೊಂದು ಎಲೆಕ್ಷನ್ ಬಂತು. ಗುಬ್ಬಿ ಕಚೇರಿಯ ಸೂಪರಿಂಟೆಂಡೆಂಟ್ ಕುರ್ಚಿ ಖಾಲಿ ಬಿದ್ದು, ಅದರ ಮೇಲೆ ಫೈಲು ಪೇರಿಸಿ ಇಟ್ಟಿದ್ದಾರಂತೆ. ಸಹಿಗೆ ಬಂದ ಜನರನ್ನು "ಚಾರ್ಜಿನವರು ಇವತ್ತು ಬಂದಿಲ್ಲ, ನಾಳೆ ಬನ್ನಿ" ಅಂತ ಕಳಿಸುತ್ತಾರಂತೆ. ಇವರಿಬ್ಬರ ನಡುವೆ, ಮೇಲೆ, ಕೆಳಗೆ ಇದ್ದವರೆಲ್ಲ ಒಬ್ಬೊಬ್ಬರೇ ರಿಟೈರಾಗಿ, ಬೇರೆ ಕಡೆ ಹೋಗಿ, ಆ ಕುರ್ಚಿಗೆ ಉಳಿದವರು ಇವರಿಬ್ಬರೇ. ರವೀಶನಿಗೆ ಈ ಶನಿವಾರಕ್ಕೆ ಸರ್ವಿಸ್ ಮುಗಿಯಿತು. ನಾಗೇಶನಿಗೆ ಇನ್ನೂ ಒಂದು ವರ್ಷದ ಮೇಲಿದೆ. ಅಂದರೆ ಶನಿವಾರದೊಳಗೆ ತೀರ್ಮಾನವಾಗದಿದ್ದರೆ ನಿನ್ನ ಮಗ ಗುಮಾಸ್ತನಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ, ಪಿಂಚಣಿಯೂ ಅಷ್ಟಕ್ಕೇ. ನನ್ನ ಮಗನಿಗೆ ಫೆಬ್ರವರಿಯಲ್ಲಿ ಕೈಕಾಲು ಅಲ್ಲಾಡಿಸದೆ ಕುರ್ಚಿ.

ಈ ವರ್ಷದ ಮೊದಲಲ್ಲಿ ಇಲ್ಲಿಯ ಜಿಲ್ಲಾ ಕಚೇರಿಗೆ ಸಾಹೇಬರಾಗಿ ಹೊಸದಾಗಿ ಒಬ್ಬರು ಮೇಡಂ ಬಂದರು. ಬಂದವರೇ ಧೂಳು ಕೊಡವಿ, ಇಬ್ಬರೂ ಹತ್ತೊಂಬತ್ತನೇ ತಾರೀಖು ಬನ್ನಿ, ಕೇಳಿ ತೀರ್ಮಾನ ಮಾಡಿಬಿಡುತ್ತೇನೆ ಅಂತ ನೋಟೀಸು ಕೊಟ್ಟರು. ನನ್ನ ಮಗ ಏನು ಮಾಡಿದ ಗೊತ್ತೇ? ತಾಯಿ ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ ಎನ್ನುವ ಹಾಗಿದೆ, ಒಂದು ತಿಂಗಳು ಸಮಯ ಕೊಡಬೇಕು ಅಂತ ಬರೆದುಕೊಟ್ಟ. ಆ ಮೇಡಂ ರವೀಶನನ್ನು ನಿಮ್ಮ ಅಭ್ಯಂತರವೇನು ಅಂತ ಕೇಳಿದರು. ಅವನಿಗೆ ತನ್ನ ಕೊನೆಯ ತಿಂಗಳು ಅಂತ ಗೊತ್ತು, ಆ ದಿನ ತಪ್ಪಿದರೆ ಇನ್ನಿಲ್ಲ ಅಂತಲೂ ಗೊತ್ತು. ಆದರೂ "ಚಿಕ್ಕಮ್ಮನಿಗಿಂತ ಕುರ್ಚಿ ದೊಡ್ಡದಲ್ಲ ಮೇಡಂ" ಅಂದುಬಿಟ್ಟನಂತೆ. ಇಂಥ ಮಗನನ್ನು ಹೆತ್ತು ನೀನು ಕುಣಿಗಲ್‌ನಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದೀಯ. ನನಗೆ ಹೇಗೆ ನಿದ್ದೆ ಬರಬೇಕು ಹೇಳು.

ಇಷ್ಟೂ ಆಗಿದ್ದು ನನಗೆ ಗೊತ್ತೇ ಇಲ್ಲ. ಮಾರನೆಯ ದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ಅವರೆಕಾಯಿಯವಳ ಜೊತೆ ಜಗಳಕ್ಕೆ ಬಿದ್ದಿದ್ದೆ. ಸೊಗಡಿಲ್ಲದ ಕಾಯಿ ತಂದು ಸೊಗಡಿನ ಬೆಲೆ ಹೇಳುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ತಕ್ಕಡಿ ಹಿಡಿದುಕೊಂಡು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೇನೆ, ರವೀಶನ ಕಾರು ಬಂದು ನಿಂತಿತು. ಎರಡು ಕೈಯಲ್ಲೂ ಎಳನೀರು, ಮೂಸಂಬಿ, ಬ್ರೆಡ್ಡು. ಮುಖ ಸಾವಿನ ಮನೆಗೆ ಬಂದವನ ಹಾಗೆ. ನನ್ನನ್ನು ನೋಡಿದ. ತಕ್ಕಡಿ ನೋಡಿದ. "ಚಿಕ್ಕಮ್ಮಾ, ಕಾಯಿಲೆ ನಿಮಗಾ, ಈ ಅವರೆಕಾಯಿಯಮ್ಮಂಗಾ?" ಅಂದ. ಅವಳು ಬೇರೆ "ನಂಗೇ ಬರ್ತದೆ ಸ್ವಾಮಿ, ಇನ್ನೊಂದು ಗಳಿಗೆ ಇಲ್ಲಿ ನಿಂತ್ರೆ" ಅಂತ ಗಂಟು ಕಟ್ಟಿದಳು. "ಯಾವ ಕಾಯಿಲೆಯೋ ನಂಗೆ? ಯಾರ್ಲಾ ಹೇಳಿದ್ದು?" ಅಂತ ನಾನು ಕೇಳಿದ್ದೇ ತಡ, ಅವನಿಗೆ ಎಲ್ಲ ಅರ್ಥವಾಯಿತು. ನಗುತ್ತಾ ನಿಂತ. ಆ ನಗು ಮೆಲ್ಲಗೆ ಮುಖದಿಂದ ಇಳಿದು ಹೋಗಿದ್ದು ನಾನು ಕಂಡೆ. ಆದರೆ ಒಂದು ಮಾತು ಕೆಟ್ಟದ್ದು ಆಡಲಿಲ್ಲ. "ಯಾರೋ ಹೇಳಿದ್ರು, ಹುಷಾರಾಗಿದೀರಲ್ಲ, ಅಷ್ಟೇ ಸಾಕು ಬುಡಿ" ಅಂದು, ಎಳನೀರನ್ನು ತಾನೇ ಕೊಚ್ಚಿ ನನಗೆ ಕುಡಿಸಿ, ಕಾರು ಹತ್ತಿ ಹೋದ.

ನಾನು ಒಳಗೆ ಬಂದು ಸೊಸೆಯನ್ನು ಹಿಡಿದೆ. ಅವಳು ಮೊದಲು ಹಾಲು ಉಕ್ಕುತ್ತಿದೆ ಅಂದಳು, ಆಮೇಲೆ ಕುಕ್ಕರ್ ಕೂಗುತ್ತಿದೆ ಅಂದಳು. ಎರಡೂ ಆರಿಸಿ ನಿಲ್ಲಿಸಿಕೊಂಡು ಕೇಳಿದ ಮೇಲೆ ಬಾಯಿ ಬಿಟ್ಟಳು. "ಹೇಗೂ ಮುಂದಿನ ತಿಂಗಳು ಕುರ್ಚಿ ನಮ್ಮೋರಿಗೇ ತಾನೇ, ಎರಡು ದಿನ ಅವನು ಕೂತೆದ್ದು ಹೋದ್ರೆ ಏನೇ ನಷ್ಟ?" ಅಂತ ಕೇಳಿದೆ. ಅವಳು ಹೇಳಿದ್ದು ಕೇಳು. ಗುಬ್ಬಿ ಕಚೇರಿಯ ಗೋಡೆಯ ಮೇಲೆ ಆ ಕುರ್ಚಿಯಲ್ಲಿ ಕೂತವರ ಹೆಸರನ್ನೆಲ್ಲ ಬಣ್ಣದಲ್ಲಿ ಬರೆದ ಹಲಗೆ ಇದೆಯಂತೆ. ರವೀಶ ಎರಡು ದಿನ ಕೂತರೂ ಅವನ ಹೆಸರು ಮೇಲೆ, ನಾಗೇಶನ ಹೆಸರು ಕೆಳಗೆ. "ಅವನ ಹೆಸರಿನ ಕೆಳಗೆ ನಾನು ದಿನಾ ಕೂತ್ಕಂಡು ಕೆಲಸ ಮಾಡ್ಲಾ?" ಅಂತ ಹಲ್ಲು ಕಡಿದನಂತೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂತು. ಆದರೆ ಅದಕ್ಕಿಂತ ಮುಂಚೆ, ಇವನು ನನ್ನ ಮಗನೇ ಹೌದು ಅಂತ ಒಂದು ಹೆಮ್ಮೆ ಬಂದು ಹೋಯಿತು. ನಿನ್ನಿಂದ ಮುಚ್ಚಿಡುವುದೇನು.

ಸಿಟ್ಟು ಯಾಕೆ ಬಂತು ಅಂತ ಹೇಳುತ್ತೇನೆ, ನೀನು ಬೇರೆ ಅರ್ಥ ಕಟ್ಟಬಾರದು. ಸುಳ್ಳು ಹೇಳಿದ ಅಂತಲ್ಲ. ಕಚೇರಿಯಲ್ಲಿ ಸುಳ್ಳು ಯಾರು ಹೇಳುವುದಿಲ್ಲ. ನಿನಗಿಂತ ಮುಂಚೆ ನನ್ನನ್ನು ಹಾಸಿಗೆ ಹಿಡಿಸಿದನಲ್ಲ, ಅದಕ್ಕೆ. ಎಲ್ಲದರಲ್ಲೂ ನೀನು ಮುಂದೆ, ಹೋಗುವುದರಲ್ಲಿ ಮಾತ್ರ ನಾನು ಮುಂದೆಯೇ? ಎರಡನೆಯದು, ರವೀಶ ಬಾಯಿ ಬಿಡದೆ ಇದ್ದದ್ದು. ಅವನು ಒಂದು ಮಾತು ಆ ಮೇಡಂ ಕಿವಿಗೆ ಹಾಕಿದ್ದರೆ ನಾಗೇಶನ ನೌಕರಿಗೇ ಕುತ್ತು. ಹಾಕಲಿಲ್ಲ. ಶನಿವಾರ ಹಾರ ಹಾಕಿಸಿಕೊಂಡು, ತೆಂಗಿನಕಾಯಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದ. ಆಮೇಲೆ ನೀನು ಬದುಕಿರುವ ತನಕ ಮದುವೆಯಲ್ಲಿ, ತಿಥಿಯಲ್ಲಿ ಎಲ್ಲರ ಮುಂದೆ ಕೂತು, ನನ್ನ ಮಗ ನಮ್ಮಕ್ಕನಿಗೋಸ್ಕರ ಕುರ್ಚಿ ಬಿಟ್ಟ ಅಂತ ಮೆಲ್ಲಗೆ ಹೇಳುತ್ತಿದ್ದೆ. ನೀನು ಎಂದೂ ಜೋರಾಗಿ ಹೇಳುವವಳಲ್ಲ, ಅದೇ ನಿನ್ನ ಕೆಟ್ಟ ಗುಣ. ನಿನ್ನ ಹಿರಿತನವನ್ನು ಹೇಗೋ ತಡೆದುಕೊಂಡೆ ಮಂಜುಳಾ. ನಿನ್ನ ಮಗನ ಔದಾರ್ಯ ತಡೆದುಕೊಳ್ಳಲು ನನ್ನಿಂದಾಗದು.

ಹೋದ ಗುರುವಾರ ಬೆಳಿಗ್ಗೆ ನಾಗೇಶ ಸ್ನಾನಕ್ಕೆ ಹೋದಾಗ, ಮೊಮ್ಮಗಳ ನಾಮಕರಣಕ್ಕೆ ತಂದ ಸೀರೆ ಉಟ್ಟು, ಸಿಟಿ ಬಸ್ಸು ಹತ್ತಿ ಅವನ ಕಚೇರಿಗೆ ಹೋದೆ. ಬಾಗಿಲಲ್ಲಿದ್ದ ಅಟೆಂಡರು "ಪಿಂಚಣಿ ಅರ್ಜಿ ಇಲ್ಲಲ್ಲ ಅಜ್ಜೀ, ತಾಲ್ಲೂಕ್ ಆಫೀಸ್‌ನಾಗೆ" ಅಂದ. "ನಾನು ಇಸ್ಕೊಳಕ್ಕೆ ಬಂದಿಲ್ಲ ಕಣಪ್ಪ, ಕೊಡಕ್ಕೆ ಬಂದಿದೀನಿ, ದಾರಿ ಬಿಡು" ಅಂದೆ. ಒಳಗೆ ಮೇಡಂ ಸಣ್ಣ ವಯಸ್ಸಿನವರು, ನಮ್ಮ ಮೊಮ್ಮಕ್ಕಳಿಗಿಂತ ಸ್ವಲ್ಪ ದೊಡ್ಡವರು. ಕೂತುಕೊಳ್ಳಿ ಅಂದರು. ಕೂರಲಿಲ್ಲ. "ಗುಮಾಸ್ತ ನಾಗೇಶನ ತಾಯಿ ಹಾಸಿಗೆ ಹಿಡಿದವ್ಳೆ ಅಂತ ಅರ್ಜಿ ಬಂದೈತಲ್ಲ, ಆ ಕಾಯಿಲೆಯವಳು ನಾನೇ, ತಾಯಿ" ಅಂದೆ. ಅಷ್ಟು ಹೊತ್ತಿಗೆ ನಾಗೇಶನೂ ಕಚೇರಿಗೆ ಬಂದಿದ್ದ. ಬಾಗಿಲಲ್ಲಿ ನನ್ನ ಬೆನ್ನು ನೋಡಿದವನು ಫೈಲನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿಬಿಟ್ಟ. ಮೇಡಂ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಇವರು ಬರೆದಿದ್ದು ಸುಳ್ಳಾ?" ಅಂದರು. ಆ ಗಳಿಗೆಯಲ್ಲಿ ಮಗನ ನೌಕರಿ ನನ್ನ ನಾಲಿಗೆಯ ತುದಿಯಲ್ಲಿತ್ತು ಕಣೇ. ನಾನು ಹೇಳಿದೆ, "ಸುಳ್ಳು ಯಾಕಾಯ್ತದೆ? ಎದೆ ಹಿಡಿದಿತ್ತು, ಬುಟ್ಟಿತು. ಕಾಯಿಲೆ ಏನು ಸರ್ಕಾರಿ ನೌಕರೀನಾ, ಒಂದ್ಸಲ ಸೇರಿದ್ರೆ ಅರವತ್ತರ ತನಕ ಅಲ್ಲಾಡದೇ ಇರಕ್ಕೆ?"

ಮೇಡಂ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡರು. ಈಗೇನು ಮಾಡಬೇಕು ಹೇಳಿ ಅಂದರು. "ಇನ್ನು ನೆಪ ಇಲ್ಲ, ಶನಿವಾರದೊಳಗೆ ಇಬ್ಬರನ್ನೂ ನಿಲ್ಲಿಸಿ ಯಾರು ಮೇಲೆ ಯಾರು ಕೆಳಗೆ ಹೇಳ್ಬುಡಿ. ತೆಂಗಿನಕಾಯಿ ಕೀಳೋ ಹೊತ್ನಾಗೆ ಕೀಳಲಿಲ್ಲ ಅಂದ್ರೆ ತಾನೇ ಬೀಳ್ತದೆ ತಾಯಿ. ಯಾರ ತಲೆ ಮೇಲೆ ಅಂತ ಅದು ನೋಡಲ್ಲ" ಅಂದೆ. ಅವರು ಕನ್ನಡಕ ಹಾಕಿಕೊಂಡು, "ತೀರ್ಮಾನ ನಿಮ್ಮ ಮಗನ ವಿರುದ್ಧ ಆದ್ರೆ ಅಜ್ಜೀ?" ಅಂತ ಕೇಳಿದರು. ಎಲ್ಲಿತ್ತೋ ನನ್ನ ಬಾಯಿಗೆ, "ಆಗಲಿ. ನನ್ನ ವಿರುದ್ಧ ತೀರ್ಮಾನ ಆದಾಗ ನಾನೇನು ಸತ್ತೋದ್ನಾ?" ಅಂದುಬಿಟ್ಟೆ. ಯಾವ ತೀರ್ಮಾನ ಅಂತ ಅವರಿಗೆ ತಿಳಿಯಲಿಲ್ಲ. ಇಪ್ಪತ್ತೇಳಕ್ಕೆ ಇಬ್ಬರೂ ಬರಬೇಕು ಅಂತ ಅಲ್ಲೇ ಬರೆಸಿದರು. ಇದನ್ನು ನಿನ್ನ ಮೇಲಿನ ಪ್ರೀತಿಗೆ ಮಾಡಿದೆ ಅಂತ ಸೊಸೆಯ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಳ್ಳಬೇಡ. ನಾಗೇಶ ಗೆಲ್ಲಬೇಕಿತ್ತು. ಎದುರಿಗೆ ನಿಂತು, ನಿನ್ನ ಮಗನ ಕಣ್ಣೆದುರೇ, ಹೌದು ಇವನೇ ಮೇಲೆ ಅಂತ ಮೇಡಂ ಬಾಯಲ್ಲಿ ಹೇಳಿಸಿಕೊಂಡು ಗೆಲ್ಲಬೇಕಿತ್ತು. ಕಾಲ ಕಳೆದು, ಎದುರಾಳಿಯನ್ನು ಮನೆಗೆ ಕಳಿಸಿ, ಖಾಲಿ ಕಣದಲ್ಲಿ ತೊಡೆ ತಟ್ಟಿದರೆ ಅದು ಯಾವ ಗೆಲುವು? ನಾನು ನನ್ನ ಜೀವಮಾನದಲ್ಲಿ ಒಂದು ಸಲ ನಿನ್ನನ್ನು ಗೆಲ್ಲಬೇಕು ಅಂತಿದ್ದವಳು. ಪೂರ್ತಿ ಗೆಲ್ಲಬೇಕು ಅಂತಿದ್ದೆ.

ನಿನ್ನೆ ಏನಾಯಿತು ಅಂತ ನಿನಗೆ ಗೊತ್ತೇ ಇದೆ. ನಿನ್ನ ಸೊಸೆ ರವೀಶನ ಫೋಟೋಗೆ ಹೂವು, ದೀಪ, ನವಿಲು ಎಲ್ಲ ಸೇರಿಸಿ ಸ್ಟೇಟಸ್ ಹಾಕಿದ್ದನ್ನು ನನ್ನ ಸೊಸೆ ಮೂರು ಸಲ ತೋರಿಸಿದಳು. ನಾಗೇಶ ತಾನಾಗಿ ಕೇಳಿಕೊಂಡು ಬಂದವನು ಅಂತ ಮೇಡಂ ಸಂಜೆಯೊಳಗೆ ಬರೆದು ಸಹಿ ಹಾಕಿದರು. ನನ್ನ ಯಜಮಾನರ ಕಾಯಿಲೆ ನಿಜವಾಗಿತ್ತು, ಅದಕ್ಕೆ ಅವನು ಬಂದಿದ್ದೂ ನಿಜ. ಈಗ ನೋಡಿದರೆ ಅವನು ಒಳ್ಳೆಯ ಮಗನಾಗಿದ್ದಕ್ಕೆ ಕೆಳಗೆ ಹೋದ, ರವೀಶ ಒಳ್ಳೆಯ ಮಗನಾಗಿ ಮೇಲೆ ಹೋದ. ಶುಕ್ರವಾರ ಗುಬ್ಬಿಯಲ್ಲಿ ಚಾರ್ಜ್ ತೆಗೆದುಕೊಂಡು ಶನಿವಾರ ರಿಟೈರಾಗುತ್ತಾನಂತೆ. ಎರಡೇ ದಿನವಾದರೂ ಕುರ್ಚಿ ಕುರ್ಚಿಯೇ. ಅವತ್ತು ನೀನು ಹೋಗದೆ ಇರಬೇಡ, ಮಂಡಿ ನೋವು ಅಂತ ನೆಪ ಹೇಳಬೇಡ. ನಿನ್ನ ಆ ಹಸಿರು ಧರ್ಮಾವರಂ ಉಡಬೇಡ, ಅದರಲ್ಲಿ ನೀನು ಕಪ್ಪಗೆ ಕಾಣುತ್ತೀಯ. ಇದನ್ನು ನಾನು ಎಷ್ಟೋ ವರ್ಷದಿಂದ ಹೇಳಬೇಕು ಅಂತಿದ್ದೆ. ಕೆಂಪಂಚಿನದು ಉಡು. ಅವನಿಗೆ ಫೈಲುಗಳನ್ನೆಲ್ಲ ಇಳಿಸಿಸಿ, ಕುರ್ಚಿ ಒರೆಸಿಸಿ ಕೂತುಕೋ ಅಂತ ಹೇಳು. ಬಂದವರ ಬಾಕಿ ಸಹಿಗಳನ್ನು ಎರಡು ದಿನದಲ್ಲಿ ಆದಷ್ಟು ಹಾಕಿಬಿಡಲಿ, ಹಾರ ತುರಾಯಿ ಸಂಜೆಗೆ ಇಟ್ಟುಕೊಳ್ಳಲಿ. ಮುಂದಿನ ವಾರದಿಂದ ಅಲ್ಲಿ ಕೂರುವವನು ನನ್ನ ಮಗ, ಅವನಿಗೆ ಕಸ ಬಿಟ್ಟು ಹೋಗಬಾರದು.

ರವೀಶನಿಗೂ ಅವನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ದೇವರು ಅವನಿಗೆ ನಿವೃತ್ತಿಯ ಮೇಲೆ ನೂರು ವರ್ಷ ಆಯಸ್ಸು ಕೊಡಲಿ ಅಂತ ಬೇಡಿಕೊಂಡಿದ್ದೇನೆ. ನಿನಗೂ ಬೇಡಿಕೊಂಡಿದ್ದೇನೆ, ನನಗಿಂತ ಒಂದು ದಿನ ಕಡಿಮೆಯಾಗಿ.

ಇಂತಿ,
ನಿನ್ನ ಮೇಲೆ ಹೊಟ್ಟೆ ಉರಿದುಕೊಂಡೇ ಗಟ್ಟಿಯಾಗಿರುವ
ಕೊಲ್ಲಾಪುರಮ್ಮ

ಮತ್ತೊಂದು ಮಾತು. ಮುಖ್ಯವಾದದ್ದೇ ಬಿಟ್ಟೆ, ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಚಿಕ್ಕದಾಗಿ ಹೇಳುತ್ತೇನೆ. ನಾಗೇಶ ಆ ಗುರುವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟಕ್ಕೆ ಕೂತಾಗ ಹೆಂಡತಿಗೆ "ಅವರಿಗೆ ಇನ್ನೊಂದು ಮುದ್ದೆ ಹಾಕು" ಅನ್ನುತ್ತಾನೆ. ಅವರಿಗೆ ಅಂತೆ, ಹೆತ್ತವಳಿಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬಹುವಚನಕ್ಕೆ ಏನು ಉತ್ತರ ಕೊಡಲಿ? ಅವನು ಆ ಕುರ್ಚಿಯಲ್ಲಿ ಕೂತು ಅವನ ಮನಸ್ಸು ಇಳಿಯುವ ತನಕ ನಾನು ಇಲ್ಲಿರಲಾರೆ. ಸ್ವಲ್ಪ ದಿನ ಕುಣಿಗಲ್‌ನಲ್ಲಿ, ನಿನ್ನ ಕೋಣೆಯಲ್ಲಿ ನಿನ್ನ ಜೊತೆ ಇರುತ್ತೇನೆ. ಆದರೆ ನಾನಾಗಿ ಕೇಳಿಕೊಂಡು ಬಂದೆ ಅಂತ ಆಗಬಾರದು, ಅದರ ಗತಿ ಏನು ಅಂತ ನೋಡಿದೆಯಲ್ಲ. ಭಾನುವಾರ ಸಂಜೆ ನಾಗೇಶ ಹಜಾರದಲ್ಲಿ ಕೂತಿರುತ್ತಾನೆ, ಆಗ ಫೋನು ಮಾಡಿ ನೀನೇ ಕರೆ, ಅವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಕರೆ. ಮೊದಲ ಸಲ ಕರೆದಾಗ ಬರುವುದಿಲ್ಲ ಅನ್ನುತ್ತೇನೆ. ಎರಡನೇ ಸಲವೂ ಅನ್ನುತ್ತೇನೆ. ಫೋನು ಇಟ್ಟುಬಿಡಬೇಡ.